ಆಮವಾತಕ್ಕೆ ಗಿಡಮೂಲಿಕೆಗಳ ಜೋಡಿ ಔಷಧ: ಶುರು ಮಾಡುವ ಮೊದಲು, ಶುರು ಮಾಡಿದ ಮೇಲೆ

"ಮೆಥೊಟ್ರೆಕ್ಸೇಟ್ ಮಾತ್ರೆ ನಡೀತಾ ಇದೆ. ಜೊತೆಗೆ ಅರಿಶಿನ, ಅಮೃತಬಳ್ಳಿ, ಅಶ್ವಗಂಧ, ಶುಂಠಿ ಎಲ್ಲ ಸೇರಿಸಿ ತಗೊಂಡರೆ ಬೇಗ ಗುಣ ಆಗುತ್ತಾ? ಮಾತ್ರೆ ಬಿಟ್ಟುಬಿಡಬಹುದಾ?"

ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಆಮವಾತ ಎಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿಬೀಳುವ ಕೀಲುವಾತ. ಮೆಥೊಟ್ರೆಕ್ಸೇಟ್ ಅದಕ್ಕೆ ಕೊಡುವ ಇಂಗ್ಲಿಷ್ ಮದ್ದು. ಕೇಳುವವರಲ್ಲಿ ಹೆಂಗಸರೇ ಜಾಸ್ತಿ. ಬೆಳಗ್ಗೆ ಎದ್ದರೆ ಬೆರಳು ಮಡಚಲು ಆಗದೆ, ಹಿಟ್ಟು ನಾದಲು ಆಗದೆ, ನಲ್ಲಿ ತಿರುಗಿಸಲು ಆಗದೆ ಒದ್ದಾಡುವವರು. ಒಬ್ಬೊಬ್ಬರಿಗೂ ಚುಟುಕಾಗಿ ಹೇಳಿದರೆ ಮುಖ್ಯವಾದದ್ದೇ ಬಿಟ್ಟುಹೋಗುತ್ತದೆ. ಅದಕ್ಕೇ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಗಿಡಮೂಲಿಕೆಗಳಲ್ಲಿ ಔಷಧದ ಗುಣ ನಿಜವಾಗಿಯೂ ಇದೆ. ಇರುವುದರಿಂದಲೇ ಅವುಗಳನ್ನು ಮಾತ್ರೆಯಷ್ಟೇ ಲೆಕ್ಕವಿಟ್ಟು ತೆಗೆದುಕೊಳ್ಳಬೇಕು. "ಗಿಡದ್ದು ಅಲ್ವಾ, ಏನೂ ಆಗಲ್ಲ" ಎಂಬ ಮಾತು ತುಂಬಾ ಜನರಿಗೆ ತೊಂದರೆ ತಂದಿದೆ.

ಶುರು ಮಾಡುವ ಮೊದಲು ಇಷ್ಟು ಕೈಯಲ್ಲಿರಲಿ: ಕಾಯಿಲೆಯ ಹೆಸರು ಬರೆದಿರುವ ವೈದ್ಯರ ಚೀಟಿ, ಇತ್ತೀಚಿನ ರಕ್ತ ಪರೀಕ್ಷೆಯ ವರದಿ, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಗಳ ಪಟ್ಟಿ (ಬಿಪಿ, ಶುಗರ್, ಥೈರಾಯ್ಡ್ ಮಾತ್ರೆಗಳೂ ಸೇರಿ), ಮತ್ತು ಒಂದು ನೋಟ್‌ಬುಕ್.

1. ಯಾವ ಕಾಯಿಲೆ ಎಂದು ಖಚಿತ ಮಾಡಿಕೊಳ್ಳಿ

ನಮ್ಮಲ್ಲಿ ಕೀಲು ನೋವಿಗೆಲ್ಲ "ಸಂಧಿವಾತ" ಅಥವಾ ಸುಮ್ನೆ "ವಾಯು" ಎನ್ನುತ್ತೇವೆ. ಆದರೆ ಕಾಯಿಲೆಗಳು ಬೇರೆ ಬೇರೆ. ವಯಸ್ಸಾದಂತೆ ಮಂಡಿಯ ಮೃದ್ವಸ್ಥಿ ಸವೆಯುವುದು ಒಂದು. ರಕ್ತದಲ್ಲಿ ಯೂರಿಕ್ ಆಸಿಡ್ ಹೆಚ್ಚಾಗಿ ಕಾಲಿನ ಹೆಬ್ಬೆರಳು ಕೆಂಪಗೆ ಊದುವ ಗೌಟ್ ಇನ್ನೊಂದು. ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಒಳಪದರದ ಮೇಲೆ ತಿರುಗಿಬೀಳುವ ರುಮಟಾಯ್ಡ್ ಆರ್ಥ್ರೈಟಿಸ್ ಮತ್ತೊಂದು. ಆಯುರ್ವೇದದ ವೈದ್ಯರು ಆಮವಾತ ಎಂದು ನೋಡುವ ಲಕ್ಷಣಗಳು ಬಹುಮಟ್ಟಿಗೆ ಈ ಕೊನೆಯದಕ್ಕೆ ಹೊಂದುತ್ತವೆ. ಆಮವಾತವನ್ನು ಪ್ರತ್ಯೇಕ ಕಾಯಿಲೆಯಾಗಿ ಮೊದಲು ವಿವರಿಸಿದ್ದು ಮಾಧವನಿದಾನ ಎಂಬ ಹಳೆಯ ಗ್ರಂಥ.

ಬೆಳಗ್ಗೆ ಎದ್ದಾಗ ಕೀಲುಗಳು ಅರ್ಧ ಗಂಟೆಗೂ ಹೆಚ್ಚು ಹೊತ್ತು ಬಿಗಿಯಾಗಿರುತ್ತವೆಯೇ? ಎರಡೂ ಕೈಗಳ ಬೆರಳ ಬುಡದ ಗಿಣ್ಣು, ಮಣಿಕಟ್ಟು ಊದುತ್ತವೆಯೇ? ಆರು ವಾರವಾದರೂ ಇಳಿದಿಲ್ಲವೇ? ಹಾಗಿದ್ದರೆ ರುಮಟಾಲಜಿಸ್ಟ್, ಅಂದರೆ ಕೀಲುವಾತದ ತಜ್ಞರನ್ನು ನೋಡಿ. ಅವರು ಬರೆಯುವ ಪರೀಕ್ಷೆಗಳಲ್ಲಿ ಇಎಸ್‌ಆರ್ ಮತ್ತು ಸಿಆರ್‌ಪಿ ದೇಹದಲ್ಲಿ ಉರಿಯೂತ ಎಷ್ಟಿದೆ ಎಂದು ತಿಳಿಸುತ್ತವೆ. ಉರಿಯೂತ ಎಂದರೆ ಊತ, ಬಿಸಿ, ಕೆಂಪು, ನೋವು ಎಲ್ಲ ಒಟ್ಟಿಗೆ ಬರುವ ಸ್ಥಿತಿ. ಆರ್‌ಎ ಫ್ಯಾಕ್ಟರ್ ಮತ್ತು ಆಂಟಿ ಸಿಸಿಪಿ ಕಾಯಿಲೆಯನ್ನು ಗುರುತಿಸಲು ನೆರವಾಗುತ್ತವೆ.

ಇಲ್ಲಿ ಎಡವುವವರು ಬಹಳ. ನೆರೆಮನೆಯವರ ಮಂಡಿ ಸವೆತಕ್ಕೆ ಹಿಡಿಸಿದ ಪುಡಿಯನ್ನು ತಮ್ಮ ಆಮವಾತಕ್ಕೆ ತಂದುಕೊಳ್ಳುತ್ತಾರೆ. ಅಷ್ಟರಲ್ಲಿ ತಿಂಗಳುಗಳು ಕಳೆದುಹೋಗುತ್ತವೆ. ಈ ಕಾಯಿಲೆಯಲ್ಲಿ ಮೊದಲ ಒಂದೆರಡು ವರ್ಷದಲ್ಲೇ ಮೂಳೆಗೆ ಹಾನಿ ಶುರುವಾಗಬಹುದು. ಒಮ್ಮೆ ಸೊಟ್ಟಗಾದ ಬೆರಳನ್ನು ಯಾವ ಕಷಾಯವೂ ನೆಟ್ಟಗೆ ಮಾಡುವುದಿಲ್ಲ.

2. ನಡೆಯುತ್ತಿರುವ ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ

ಮೆಥೊಟ್ರೆಕ್ಸೇಟ್ ಕೆಲಸ ತೋರಿಸಲು 6ರಿಂದ 12 ವಾರ ಹಿಡಿಯುತ್ತದೆ. ಅಷ್ಟರೊಳಗೆ ಬೇಸತ್ತು ಬಿಟ್ಟವರು "ಇಂಗ್ಲಿಷ್ ಮದ್ದು ಹಿಡಿಸಲಿಲ್ಲ" ಎನ್ನುತ್ತಾರೆ. ಇನ್ನೊಂದು ಮಾತು. ಇದು ವಾರಕ್ಕೆ ಒಂದು ದಿನ ಮಾತ್ರ ತೆಗೆದುಕೊಳ್ಳುವ ಮಾತ್ರೆ. ದಿನಾ ತೆಗೆದುಕೊಂಡರೆ ಪ್ರಾಣಕ್ಕೇ ಅಪಾಯ. ಮನೆಯಲ್ಲಿ ಹಿರಿಯರಿದ್ದರೆ ವಾರದ ಯಾವ ದಿನ ಎಂದು ಮಾತ್ರೆಯ ಪಟ್ಟಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡಿ.

ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ನಡೆಯುತ್ತಿದ್ದರೆ ಇನ್ನೂ ಎಚ್ಚರ ಬೇಕು. ಕೆಲವು ವಾರಗಳಿಂದ ತೆಗೆದುಕೊಳ್ಳುತ್ತಿದ್ದರೆ ಥಟ್ಟನೆ ನಿಲ್ಲಿಸುವ ಹಾಗಿಲ್ಲ. ದೇಹ ತನ್ನ ಸ್ವಂತ ಸ್ಟೀರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ವೈದ್ಯರು ಹೇಳಿದ ಹಾಗೆ ಸ್ವಲ್ಪಸ್ವಲ್ಪವಾಗಿ ಇಳಿಸಬೇಕು.

3. 'ಜೋಡಿ' ಎಂದರೆ ಏನು, ಅದು ಹೇಗೆ ಕೆಲಸ ಮಾಡುತ್ತದೆ

ಆಯುರ್ವೇದದಲ್ಲಿ ಒಂದೇ ಮೂಲಿಕೆ ಕೊಡುವುದಕ್ಕಿಂತ ಹಲವನ್ನು ಸೇರಿಸಿ ಕೊಡುವುದೇ ಹೆಚ್ಚು. ರಾಸ್ನಾಸಪ್ತಕ ಕಷಾಯವನ್ನೇ ನೋಡಿ. ಅದರಲ್ಲಿ ರಾಸ್ನಾ, ಅಮೃತಬಳ್ಳಿ, ಕಕ್ಕೆ, ದೇವದಾರು, ನೆಗ್ಗಿಲು, ಹರಳು ಗಿಡದ ಬೇರು, ಕೊಮ್ಮೆ ಇವು ಏಳು ಇರುತ್ತವೆ. ಕುಡಿಯುವಾಗ ಒಣಶುಂಠಿ ಪುಡಿ ಸೇರಿಸುತ್ತಾರೆ. ಸಿಂಹನಾದ ಗುಗ್ಗುಲುವಿನಲ್ಲಿ ತ್ರಿಫಲಾ, ಗಂಧಕ, ಗುಗ್ಗುಲು ಮತ್ತು ಹರಳೆಣ್ಣೆ ಇರುತ್ತವೆ. ಗುಗ್ಗುಲು ಎಂದರೆ ಒಂದು ಮರದ ಅಂಟು. ಯೋಗರಾಜ ಗುಗ್ಗುಲುವಿನಲ್ಲಂತೂ ಮೆಣಸು, ಹಿಪ್ಪಲಿ, ಜೀರಿಗೆ, ಓಮದಿಂದ ಹಿಡಿದು ಇಪ್ಪತ್ತೈದಕ್ಕೂ ಹೆಚ್ಚು ಪದಾರ್ಥಗಳಿವೆ.

ಒಂದು ಪದಾರ್ಥ ಇನ್ನೊಂದರ ಬಲವನ್ನು ಹೇಗೆ ಬದಲಿಸುತ್ತದೆ ಎಂಬುದಕ್ಕೆ ಬೆಂಗಳೂರಿನದೇ ಒಳ್ಳೆಯ ಉದಾಹರಣೆ ಇದೆ. ಅರಿಶಿನದ ಸಾರವಾದ ಕರ್ಕ್ಯುಮಿನ್ ಸುಮ್ನೆ ತಿಂದರೆ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತಂಡವೊಂದು ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಕರಿಮೆಣಸಿನ ಸಾರ ಕೊಟ್ಟು ನೋಡಿತು. ಹೀರಿಕೊಳ್ಳುವಿಕೆ ಸುಮಾರು 20 ಪಟ್ಟು ಏರಿತು. ಇದು 1998ರಲ್ಲಿ ಪ್ರಕಟವಾಯಿತು. ಇವತ್ತು ಮಾರುಕಟ್ಟೆಯಲ್ಲಿರುವ ಅರಿಶಿನದ ಕ್ಯಾಪ್ಸೂಲುಗಳಲ್ಲಿ ಮೆಣಸಿನ ಸಾರ ಸೇರಿರುವುದು ಇದೇ ಕಾರಣಕ್ಕೆ.

ಆದರೆ ಮೆಣಸಿಗೆ ಅರಿಶಿನ ಯಾವುದು, ನಿಮ್ಮ ಮಾತ್ರೆ ಯಾವುದು ಎಂಬ ಭೇದ ಇಲ್ಲ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಬಿಪಿಗೆ ಕೊಡುವ ಪ್ರೊಪ್ರನೊಲಾಲ್, ದಮ್ಮಿಗೆ ಕೊಡುವ ಥಿಯೋಫಿಲಿನ್ ಇವುಗಳ ಪ್ರಮಾಣವನ್ನೂ ಪೈಪರಿನ್ ರಕ್ತದಲ್ಲಿ ಏರಿಸಬಲ್ಲದು. ಸಾರಿಗೆ ಹಾಕುವ ಮೆಣಸಿಗೆ ಹೆದರಬೇಡಿ. ನಾನು ಹೇಳುತ್ತಿರುವುದು ಸಾಂದ್ರ ಮಾಡಿ ಕ್ಯಾಪ್ಸೂಲಿಗೆ ತುಂಬಿದ ಸಾರದ ಬಗ್ಗೆ. ಅರಿಶಿನದ ಲೆಕ್ಕವೂ ಹೀಗೇ. ಪುಡಿಯಲ್ಲಿ ಕರ್ಕ್ಯುಮಿನ್ ಸುಮಾರು 3 ಶೇಕಡಾ. 500 ಮಿಲಿಗ್ರಾಂ ಸಾರದ ಒಂದು ಕ್ಯಾಪ್ಸೂಲ್ ಎಂದರೆ ಐದು ಟೀಚಮಚ ಅರಿಶಿನ ನುಂಗಿದ ಹಾಗೆ. ಮೆಣಸಿನ ಸಾರ ಸೇರಿದ ಇಂಥ ಕ್ಯಾಪ್ಸೂಲುಗಳಿಂದ ಯಕೃತ್ತಿಗೆ, ಅಂದರೆ ಲಿವರಿಗೆ, ಪೆಟ್ಟಾದ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ.

ಹಾಗಾದರೆ ಜೋಡಿ ಔಷಧ ಪರೀಕ್ಷೆಗೆ ನಿಂತಿದೆಯೇ? ಸ್ವಲ್ಪ ಮಟ್ಟಿಗೆ ನಿಂತಿದೆ. ಕೊಯಮತ್ತೂರಿನಲ್ಲಿ ರುಮಟಾಯ್ಡ್ ಆರ್ಥ್ರೈಟಿಸ್ ಇರುವ 43 ಜನರ ಮೇಲೆ 36 ವಾರ ಅಧ್ಯಯನ ನಡೆಸಿ 2011ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ಆಯುರ್ವೇದ, ಒಂದಕ್ಕೆ ಮೆಥೊಟ್ರೆಕ್ಸೇಟ್, ಒಂದಕ್ಕೆ ಎರಡೂ. ಮೂರೂ ಗುಂಪಿನ ಫಲಿತಾಂಶ ಹೆಚ್ಚೂಕಡಿಮೆ ಸಮನಾಗಿತ್ತು. ಓದಲು ಖುಷಿಯಾಗುತ್ತದೆ. ಆದರೆ ಎರಡು ವಿಷಯ ಗಮನಿಸಿ. ಜನ ಬರೀ 43. ಮತ್ತು ಅಲ್ಲಿ ವೈದ್ಯರು ಪ್ರತಿ ರೋಗಿಯನ್ನೂ ನೋಡಿ ಅವರವರಿಗೆ ತಕ್ಕ ಔಷಧ ಆರಿಸಿದ್ದರು. ಅಂಗಡಿಯಿಂದ ತಂದ ಒಂದು ಡಬ್ಬಿಗೆ ಆ ಫಲಿತಾಂಶವನ್ನು ಅಂಟಿಸಲು ಬರುವುದಿಲ್ಲ.

ಮಂಡಿ ಸವೆತದ ಮೇಲೆ ನಮ್ಮ ದೇಶದಲ್ಲೇ ನಡೆದ ದೊಡ್ಡ ಅಧ್ಯಯನ 2013ರಲ್ಲಿ ಹೊರಬಂತು. 440 ಜನ, 24 ವಾರ. ಶುಂಠಿ, ಅಮೃತಬಳ್ಳಿ, ಶಲ್ಲಕಿ (ಇದೂ ಒಂದು ಮರದ ಅಂಟು), ನೆಲ್ಲಿಕಾಯಿ ಸೇರಿದ ಔಷಧ ನೋವಿನ ಮಾತ್ರೆಯಾದ ಸೆಲೆಕಾಕ್ಸಿಬ್‌ಗೆ ಸರಿಸಾಟಿಯಾಗಿ ನಿಂತಿತು. ಆದರೆ ಮೂಲಿಕೆ ತೆಗೆದುಕೊಂಡ ಕೆಲವರಲ್ಲಿ ಎಸ್‌ಜಿಪಿಟಿ ಏರಿತು. ಎಸ್‌ಜಿಪಿಟಿ ಎಂದರೆ ಲಿವರಿಗೆ ಪೆಟ್ಟಾದಾಗ ರಕ್ತದಲ್ಲಿ ಹೆಚ್ಚುವ ಒಂದು ಅಂಶ. ಏಳು ಜನರಿಗೆ ಔಷಧ ನಿಲ್ಲಿಸಬೇಕಾಯಿತು. ನಿಲ್ಲಿಸಿದ ಮೇಲೆ ಸರಿಹೋಯಿತು. ಅವರಿಗೆ ಮೈಯಲ್ಲಿ ಯಾವ ತೊಂದರೆಯೂ ಕಾಣಿಸಿರಲಿಲ್ಲ. ಗೊತ್ತಾಗಿದ್ದು ರಕ್ತ ಪರೀಕ್ಷೆ ಮಾಡಿಸಿದ್ದರಿಂದ. ಮೆಥೊಟ್ರೆಕ್ಸೇಟ್ ಕೂಡ ಲಿವರಿನ ಮೇಲೆ ಭಾರ ಹಾಕುವ ಔಷಧವೇ. ಎರಡೂ ಒಟ್ಟಿಗೆ ನಡೆಯುವಾಗ ಪರೀಕ್ಷೆ ತಪ್ಪಿಸಬಾರದು ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ.

4. ಓದಿ ನೋಂದಾಯಿಸಿಕೊಂಡ ವೈದ್ಯರ ಹತ್ತಿರ ಹೋಗಿ

ಬಿಎಎಂಎಸ್, ಅಂದರೆ ಆಯುರ್ವೇದ ವೈದ್ಯ ಪದವಿ ಓದಿ ರಾಜ್ಯದಲ್ಲಿ ನೋಂದಣಿ ಆಗಿರುವವರನ್ನು ನೋಡಿ. ಖರ್ಚಿನ ಚಿಂತೆ ಇದ್ದರೆ ಬೆಂಗಳೂರು, ಮೈಸೂರು, ಶಿವಮೊಗ್ಗ, ಬಳ್ಳಾರಿಯ ಸರ್ಕಾರಿ ಆಯುರ್ವೇದ ಕಾಲೇಜು ಆಸ್ಪತ್ರೆಗಳಿವೆ. ನಿಮ್ಮ ಮಾತ್ರೆಗಳ ಪಟ್ಟಿಯನ್ನು ಅವರ ಮುಂದಿಡಿ. ಅವರು ಬರೆದ ಚೀಟಿಯನ್ನು ರುಮಟಾಲಜಿಸ್ಟರಿಗೂ ತೋರಿಸಿ. ಬೈತಾರೆ ಎಂದು ಹೆದರಿ ಮುಚ್ಚಿಡುವವರು ತುಂಬಾ ಜನ. ಮುಚ್ಚಿಟ್ಟರೆ ನಾಳೆ ಲಿವರ್ ವರದಿ ಏರುಪೇರಾದಾಗ ಯಾವ ಔಷಧದಿಂದ ಎಂದು ಅವರಿಗೆ ತಿಳಿಯುವುದಿಲ್ಲ. ಬೇಡದ ಔಷಧ ಉಳಿದು ಬೇಕಾದ ಔಷಧವೇ ನಿಂತುಹೋಗಬಹುದು.

ಈ ವಿಷಯಗಳನ್ನು ವೈದ್ಯರಿಗೆ ನೀವಾಗಿಯೇ ಹೇಳಿ:

- ಗರ್ಭಿಣಿಯೇ, ಮಗುವಿಗೆ ಯೋಚಿಸುತ್ತಿದ್ದೀರಾ. ಹರಳೆಣ್ಣೆ, ಗುಗ್ಗುಲು, ಅಶ್ವಗಂಧ ಆಗ ಬೇಡ. ಮೆಥೊಟ್ರೆಕ್ಸೇಟ್ ಕೂಡ ಗರ್ಭಕ್ಕೆ ಹಾನಿಕರ. ಹಾಗಾಗಿ ಈ ಮಾತು ಇಬ್ಬರೂ ವೈದ್ಯರ ಹತ್ತಿರ ಆಗಬೇಕು.
- ರಕ್ತ ತೆಳುವಾಗಿಸುವ ವಾರ್ಫರಿನ್, ಆಸ್ಪಿರಿನ್ ನಡೆಯುತ್ತಿದೆಯೇ. ಶುಂಠಿ, ಅರಿಶಿನ, ಗುಗ್ಗುಲು ಔಷಧದ ಪ್ರಮಾಣದಲ್ಲಿ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು.
- ಥೈರಾಯ್ಡ್ ಇದೆಯೇ. ಅಶ್ವಗಂಧ ಮತ್ತು ಗುಗ್ಗುಲು ಎರಡೂ ಥೈರಾಯ್ಡ್ ಮೇಲೆ ಪರಿಣಾಮ ಮಾಡಬಲ್ಲವು.
- ಬಿಪಿ ಇದೆಯೇ, ಸ್ಟೀರಾಯ್ಡ್ ನಡೆಯುತ್ತಿದೆಯೇ. ಜೇಷ್ಠಮಧು ಹೆಚ್ಚು ದಿನ ತೆಗೆದುಕೊಂಡರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ.

ಅಮೃತಬಳ್ಳಿಯ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಕೊರೋನಾ ಸಮಯದಲ್ಲಿ "ಇಮ್ಯುನಿಟಿ ಹೆಚ್ಚಿಸುತ್ತದೆ" ಎಂದು ಮನೆಮನೆಯಲ್ಲೂ ಇದರ ಕಷಾಯ ಕುಡಿದರು. 2021ರಲ್ಲಿ ಮುಂಬೈ ವೈದ್ಯರು ಹಾಗೆ ಕುಡಿದ ಕೆಲವರಲ್ಲಿ ಲಿವರ್ ಹಾನಿ ಕಂಡಿದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಇದೇ ಜಾತಿಯ ಬೇರೆ ಬಳ್ಳಿ ಬೆರೆತಿರಬಹುದು ಎಂಬ ವಾದವೂ ಇದೆ. ನೋಡಲು ಅವು ನಿಜಕ್ಕೂ ಒಂದೇ ಥರ ಇರುತ್ತವೆ. ಚರ್ಚೆ ಏನೇ ಇರಲಿ, ಆಮವಾತದಲ್ಲಿ ರಕ್ಷಣಾ ವ್ಯವಸ್ಥೆ ಮೊದಲೇ ಕೆರಳಿದೆ. ಅದನ್ನು ಇನ್ನಷ್ಟು ಹುರಿದುಂಬಿಸುವ ಮೂಲಿಕೆಯನ್ನು ನೀವಾಗಿಯೇ ದಿನಾ ಕುಡಿಯಬೇಡಿ. ವೈದ್ಯರು ಒಂದು ಔಷಧ ಮಿಶ್ರಣದಲ್ಲಿ ಸೇರಿಸಿ, ಇಷ್ಟು ದಿನ ಎಂದು ಬರೆದುಕೊಟ್ಟರೆ ಅದು ಬೇರೆ ಮಾತು.

5. ಡಬ್ಬಿಯ ಮೇಲಿನ ಬರಹ ಓದಿ

ಆಯುರ್ವೇದ ಔಷಧದ ಲೇಬಲ್ ಮೇಲೆ ತಯಾರಿಕೆಯ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ತಯಾರಾದ ದಿನ, ಮುಗಿಯುವ ದಿನ, ಪದಾರ್ಥಗಳ ಪಟ್ಟಿ ಇರಲೇಬೇಕು. ವೈದ್ಯರ ಮೇಲ್ವಿಚಾರಣೆಯಲ್ಲೇ ತೆಗೆದುಕೊಳ್ಳಬೇಕು ಎಂಬ ಎಚ್ಚರಿಕೆ ಕೆಲವು ಔಷಧಗಳ ಮೇಲೆ ಇರುತ್ತದೆ. ಪಾದರಸ, ವತ್ಸನಾಭಿ, ಕಾಸರಕದಂಥ ವಿಷದ್ರವ್ಯಗಳನ್ನು ಶುದ್ಧಿ ಮಾಡಿ ಬಳಸಿದ ಔಷಧಗಳು ಅವು.

ಹೆಸರಿನಲ್ಲಿ ಒಂದು ದೊಡ್ಡ ಗುಂಡಿ ಇದೆ. ಯೋಗರಾಜ ಗುಗ್ಗುಲು ಬೇರೆ, ಮಹಾಯೋಗರಾಜ ಗುಗ್ಗುಲು ಬೇರೆ. ಮೊದಲನೆಯದರಲ್ಲಿ ಲೋಹ ಇಲ್ಲ. ಎರಡನೆಯದರಲ್ಲಿ ಬೆಳ್ಳಿ, ತವರ, ಕಬ್ಬಿಣದ ಭಸ್ಮಗಳ ಜೊತೆ ನಾಗಭಸ್ಮ, ಅಂದರೆ ಸೀಸದ ಭಸ್ಮ ಮತ್ತು ಪಾದರಸದ ರಸಸಿಂಧೂರ ಇರುತ್ತವೆ. "ಮಹಾ ಅಂದರೆ ಇನ್ನೂ ಒಳ್ಳೇದು" ಎಂದುಕೊಂಡು ಅದನ್ನೇ ಕೊಳ್ಳುವವರಿದ್ದಾರೆ. ಚೀಟಿಯಲ್ಲಿ ಬರೆದಿರುವ ಹೆಸರನ್ನು ಅಕ್ಷರ ಅಕ್ಷರ ಹೊಂದಿಸಿ ನೋಡಿ.

ಇಂಟರ್‌ನೆಟ್ಟಿನಲ್ಲಿ ತರಿಸುವವರು ಇದನ್ನೂ ತಿಳಿದಿರಲಿ. ಅಮೆರಿಕದ ಸಂಶೋಧಕರು ಆನ್‌ಲೈನಿನಲ್ಲಿ ಕೊಂಡ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿ 2008ರಲ್ಲಿ ವರದಿ ಮಾಡಿದರು. ಸುಮಾರು ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು.

ಲೇಬಲ್ಲೇ ಇಲ್ಲದ ಪೊಟ್ಟಣದ ಪುಡಿಯನ್ನು ಮುಟ್ಟಲೇಬೇಡಿ. ಅದರಲ್ಲೂ "ಎರಡೇ ದಿನದಲ್ಲಿ ನೋವು ಮಾಯ" ಆದರೆ ಸ್ಟೀರಾಯ್ಡ್ ಬೆರೆತಿದೆಯೇ ಎಂದು ಅನುಮಾನಿಸಿ. ಮೂಲಿಕೆ ಅಷ್ಟು ಬೇಗ ಕೆಲಸ ಮಾಡುವುದಿಲ್ಲ. ಮುಖ ಗುಂಡಗಾಗುವುದು, ಹಸಿವು ವಿಪರೀತವಾಗುವುದು, ಶುಗರ್ ಮತ್ತು ಬಿಪಿ ಏರುವುದು ಅದರ ಗುರುತು. ಈಗಾಗಲೇ ತಿಂಗಳುಗಟ್ಟಲೆ ತಿಂದಿದ್ದರೆ ದಿಢೀರ್ ನಿಲ್ಲಿಸದೆ, ಪೊಟ್ಟಣವನ್ನೂ ಹಿಡಿದುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಿ.

6. ರಕ್ತ ಪರೀಕ್ಷೆ ಮಾಡಿಸಿ, ಆಮೇಲೆ ಒಂದೊಂದಾಗಿ ಶುರು ಮಾಡಿ

ಔಷಧ ಶುರು ಮಾಡುವ ಮೊದಲೇ ಲಿವರ್ ಪರೀಕ್ಷೆ, ಕಿಡ್ನಿಯ ಕ್ರಿಯಾಟಿನಿನ್, ರಕ್ತಕಣಗಳ ಎಣಿಕೆ, ಇಎಸ್‌ಆರ್, ಸಿಆರ್‌ಪಿ ಮಾಡಿಸಿ ಇಡಿ. ಮುಂದೆ ಹೋಲಿಸಲು ಇದೇ ಆಧಾರ.

ವೈದ್ಯರು ಕಷಾಯ, ಗುಳಿಗೆ, ಚೂರ್ಣ ಎಂದು ಮೂರು ಬರೆದಿದ್ದರೆ ಎರಡು ವಾರಕ್ಕೊಂದರಂತೆ ಶುರು ಮಾಡಬಹುದೇ ಎಂದು ಕೇಳಿ. ಮೂರನ್ನೂ ಒಂದೇ ದಿನ ಶುರು ಮಾಡಿ ತುರಿಕೆ ಬಂದರೆ ಯಾವುದರಿಂದ ಎಂದು ಹುಡುಕುವುದು ಕಷ್ಟ.

ಒಂದೇ ಮೂಲಿಕೆ ಎರಡು ಮೂರು ಕಡೆಯಿಂದ ಒಳಗೆ ಹೋಗುತ್ತಿದೆಯೇ ಎಂದೂ ನೋಡಿ. ರಾಸ್ನಾಸಪ್ತಕದಲ್ಲಿ ಅಮೃತಬಳ್ಳಿ ಇದೆ, ಜೊತೆಗೆ ಬೆಳಗ್ಗೆ ಅಮೃತಬಳ್ಳಿ ಜ್ಯೂಸ್, ಮೇಲೆ ಅದೇ ಇರುವ ಕ್ಯಾಪ್ಸೂಲ್. ಹೀಗೆ ಮೂರು ಪಾಲು ಸೇರುವುದು ಗೊತ್ತೇ ಆಗುವುದಿಲ್ಲ. ಎಲ್ಲ ಲೇಬಲ್ ಪಕ್ಕಪಕ್ಕ ಇಟ್ಟು ಒಂದೇ ಹೆಸರು ಬಂದ ಕಡೆ ಗೆರೆ ಎಳೆಯಿರಿ.

7. ಕಷಾಯ ಮಾಡುವುದು, ಕುಡಿಯುವುದು

ಹಳೆಯ ಲೆಕ್ಕದ ಪ್ರಕಾರ ಒಂದು ಪಾಲು ತರಿಪುಡಿಗೆ ಹದಿನಾರು ಪಾಲು ನೀರು, ಕುದಿಸಿ ಎಂಟನೇ ಒಂದು ಪಾಲಿಗೆ ಇಳಿಸುವುದು. ಅಂದರೆ 10 ಗ್ರಾಂ ಪುಡಿಗೆ 160 ಮಿಲಿ ನೀರು, ಕೊನೆಗೆ 20 ಮಿಲಿ. ನಿಮ್ಮ ವೈದ್ಯರು ಬೇರೆ ಅಳತೆ ಹೇಳಿದರೆ ಅದನ್ನೇ ಅನುಸರಿಸಿ. ಸ್ಟೀಲ್ ಅಥವಾ ಮಣ್ಣಿನ ಪಾತ್ರೆ ಇರಲಿ, ಅಲ್ಯೂಮಿನಿಯಂ ಬೇಡ. ಸಣ್ಣ ಉರಿ, ಮುಚ್ಚಳ ತೆಗೆದಿರಲಿ. ಅವತ್ತಿನದನ್ನು ಅವತ್ತೇ ಕುಡಿಯಿರಿ.

ರಾಸ್ನಾ ಕೇಳಿದರೆ ನಮ್ಮ ಗಂಧಿಗೆ ಅಂಗಡಿಗಳಲ್ಲಿ ಶುಂಠಿಯಂಥ ಗೆಡ್ಡೆ ಕೊಡುತ್ತಾರೆ. ಉತ್ತರ ಭಾರತದಲ್ಲಿ ಅದೇ ಹೆಸರಿನಲ್ಲಿ ಸಿಗುವುದು ಬೇರೆ ಗಿಡದ ಎಲೆ. ಆ ಕಡೆ ಇರುವ ಕನ್ನಡಿಗರು ವೈದ್ಯರನ್ನು ಕೇಳಿಯೇ ಕೊಳ್ಳಿ.

ಬಾಟಲಿ ಕೊಳ್ಳುವುದಾದರೆ ಕಷಾಯವೋ ಅರಿಷ್ಟವೋ ನೋಡಿ. ಅರಿಷ್ಟ, ಆಸವ ಎಂದರೆ ಬೆಲ್ಲ ಹಾಕಿ ಹುಳಿಸಿದ ಔಷಧ. ಅದರಲ್ಲಿ ತಾನಾಗಿ ಹುಟ್ಟಿದ ಆಲ್ಕೋಹಾಲ್ ಇರುತ್ತದೆ. ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರಿಗೂ ಶುಗರ್ ಇರುವವರಿಗೂ ಇದು ಸರಿಹೋಗುವುದಿಲ್ಲ.

ಮಾತ್ರೆ ಮತ್ತು ಕಷಾಯದ ನಡುವೆ ಎಷ್ಟು ಅಂತರ ಬೇಕು ಎಂದು ಕೇಳಿಕೊಳ್ಳಿ. ಸಾಮಾನ್ಯವಾಗಿ ಎರಡು ಗಂಟೆ ಬಿಡಲು ಹೇಳುತ್ತಾರೆ. ಆದರೆ ಅಂತರ ಬಿಟ್ಟ ಮಾತ್ರಕ್ಕೆ ಎಲ್ಲ ಹೊಂದಾಣಿಕೆ ಸಮಸ್ಯೆಯೂ ತಪ್ಪುವುದಿಲ್ಲ. ಹರಳೆಣ್ಣೆ ಸೇರಿದ ಔಷಧದಿಂದ ಭೇದಿ ಜಾಸ್ತಿಯಾದರೆ ನಿಲ್ಲಿಸಿ ಫೋನ್ ಮಾಡಿ. ದೇಹದ ನೀರು ಇಳಿದರೆ ಕಿಡ್ನಿ ಮೆಥೊಟ್ರೆಕ್ಸೇಟನ್ನು ಸರಿಯಾಗಿ ಹೊರಹಾಕಲಾರದು.

8. ಎಣ್ಣೆ ತಿಕ್ಕುವ ಮೊದಲು ನಿಲ್ಲಿ

ಕೀಲು ನೋವು ಎಂದರೆ ಎಣ್ಣೆ ಕಾಯಿಸಿ ತಿಕ್ಕುವುದು ಎಲ್ಲರ ಅಭ್ಯಾಸ. ಆದರೆ ಆಮವಾತದಲ್ಲಿ ಕೀಲು ಊದಿ ಬಿಸಿಯಾಗಿರುವಾಗ ಆಯುರ್ವೇದವೇ ಎಣ್ಣೆ ಬೇಡ ಎನ್ನುತ್ತದೆ. ಬದಲಿಗೆ ಒಣ ಶಾಖ. ಮರಳನ್ನು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಹದವಾದ ಬಿಸಿ ಕೊಡುವುದು. ಮೊದಲು ನಿಮ್ಮ ಮುಂಗೈಗೆ ತಾಗಿಸಿ ನೋಡಿ. ಶುಗರಿನಿಂದ ಕಾಲು ಜೋಮು ಹಿಡಿದಿರುವವರು ಇದನ್ನು ಮಾಡಬೇಡಿ, ಸುಟ್ಟರೂ ತಿಳಿಯುವುದಿಲ್ಲ. ಶಾಖದಿಂದ ಊತ ಹೆಚ್ಚಾದರೆ ನಿಲ್ಲಿಸಿ.

9. ಬರೆದಿಡಿ, ಪರೀಕ್ಷೆ ಮಾಡಿಸಿ

ನೋಟ್‌ಬುಕ್ಕಿನಲ್ಲಿ ದಿನಾ ಮೂರೇ ಸಾಲು ಸಾಕು. ಬೆಳಗ್ಗೆ ಬಿಗಿತ ಎಷ್ಟು ನಿಮಿಷ, ಎಷ್ಟು ಕೀಲು ಊದಿವೆ, ಹತ್ತಕ್ಕೆ ನೋವು ಎಷ್ಟು. ಶುರು ಮಾಡಿದ ನಾಲ್ಕನೇ ವಾರ ಲಿವರ್, ಕಿಡ್ನಿ ಪರೀಕ್ಷೆ ಮತ್ತೆ ಆಗಲಿ. ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ.

ಹನ್ನೆರಡು ವಾರಕ್ಕೆ ಇಬ್ಬರೂ ವೈದ್ಯರಿಗೆ ನೋಟ್‌ಬುಕ್ ತೋರಿಸಿ. ನೋವು ಇಳಿದರೂ ಸಿಆರ್‌ಪಿ ಮತ್ತು ಊತ ಇಳಿಯದಿದ್ದರೆ ಒಳಗೆ ಕಾಯಿಲೆ ಇನ್ನೂ ನಡೆಯುತ್ತಿದೆ ಎಂದರ್ಥ. ಆಗ ರುಮಟಾಲಜಿಸ್ಟರ ಔಷಧ ಬದಲಾಗಬೇಕಾಗಬಹುದು. ಎರಡೂ ಇಳಿದು ಕೆಲವು ತಿಂಗಳು ಹಾಗೇ ಉಳಿದರೆ ಮಾತ್ರೆ ಕಡಿಮೆ ಮಾಡುವ ಮಾತನ್ನು ಎತ್ತಬಹುದು. ಎಷ್ಟು, ಯಾವಾಗ ಎಂಬುದು ಅವರ ತೀರ್ಮಾನ.

10. ಈ ಲಕ್ಷಣ ಕಂಡರೆ ಕಾಯಬೇಡಿ

ಮೂತ್ರ ಕಡು ಹಳದಿ, ಕಣ್ಣು ಹಳದಿ, ಮೈ ತುರಿಕೆ, ಊಟ ಸೇರದಿರುವುದು, ವಾಂತಿ ಬಂದ ಹಾಗಾಗುವುದು, ಹೊಟ್ಟೆಯ ಬಲಮೇಲ್ಭಾಗದಲ್ಲಿ ನೋವು: ಮೂಲಿಕೆಗಳನ್ನೆಲ್ಲ ಅವತ್ತೇ ನಿಲ್ಲಿಸಿ ಲಿವರ್ ಪರೀಕ್ಷೆ ಮಾಡಿಸಿ. ಜ್ವರ, ಬಾಯಿ ಹುಣ್ಣು, ಒಣ ಕೆಮ್ಮು, ಏದುಸಿರು ಬಂದರೆ ಅದು ಮೆಥೊಟ್ರೆಕ್ಸೇಟಿನ ಅಡ್ಡಪರಿಣಾಮ ಇರಬಹುದು. ಮುಂದಿನ ವಾರದ ಮಾತ್ರೆ ನುಂಗುವ ಮೊದಲೇ ಆಸ್ಪತ್ರೆಗೆ ಹೋಗಿ. ಡಬ್ಬಿಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.

ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದರೆ ಕನಿಷ್ಠ ಎರಡು ವಾರ ಮೊದಲೇ ಮೂಲಿಕೆಗಳ ವಿಷಯ ಸರ್ಜನ್‌ಗೆ ಮತ್ತು ಅರಿವಳಿಕೆ ವೈದ್ಯರಿಗೆ ತಿಳಿಸಿ.

ಔಷಧದಿಂದ ತೊಂದರೆಯಾಗಿದೆ ಎಂದು ವೈದ್ಯರು ಹೇಳಿದರೆ ಡಬ್ಬಿಯನ್ನು ಎಸೆಯಬೇಡಿ. ಬ್ಯಾಚ್ ನಂಬರ್ ಬರೆದುಕೊಳ್ಳಿ. ಆಯುಷ್ ಔಷಧಗಳ ಅಡ್ಡಪರಿಣಾಮ ದಾಖಲಿಸಲು ಕೇಂದ್ರ ಸರ್ಕಾರದ 'ಆಯುಷ್ ಸುರಕ್ಷಾ' ಎಂಬ ವ್ಯವಸ್ಥೆ ಇದೆ. ಹತ್ತಿರದ ಆಯುರ್ವೇದ ಕಾಲೇಜು ಆಸ್ಪತ್ರೆಯಲ್ಲಿ ಕೇಳಿದರೆ ದೂರು ಬರೆಯಲು ನೆರವಾಗುತ್ತಾರೆ.